ಟಿಕೀಟಿನ ಬೆನ್ನ ಮೇಲಿನ ಬಾಕಿ

ಆಷಾಢದ ಮಳೆ ಹಿಡಿದ ಮೇಲೆ ಮಲೆನಾಡಿನಲ್ಲಿ ಬೆಳಗಿಗೂ ಬೈಗಿಗೂ ಹೆಚ್ಚಿನ ಅಂತರವಿರುವುದಿಲ್ಲ. ಅಂಥ ಒಂದು ಮುಂಜಾನೆ ಕೊಪ್ಪದ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಆ ಸೀಮೆಯ ಬಾಳೆಲ್ಲ ಕಣ್ಣ ಮುಂದೆ ಹಾದುಹೋಗುತ್ತದೆ. ಶೃಂಗೇರಿಯ ಕಡೆಗೆ ಒಂದು ಬಸ್ಸು, ನರಸಿಂಹರಾಜಪುರದ ಕಡೆಗೆ ಒಂದು, ಜಯಪುರ, ಬಾಳೆಹೊನ್ನೂರುಗಳ ಹೆಸರು ಹೊತ್ತ ಮತ್ತೊಂದು. ಒದ್ದೆಯಾದ ಕೊಡೆಗಳನ್ನು ಮಡಿಸುತ್ತ ಕಾಲೇಜಿನ ಹುಡುಗಿಯರು ಹತ್ತುತ್ತಾರೆ. ತೋಟದ ಕೆಲಸಕ್ಕೆ ಹೊರಟ ಹೆಂಗಸರು ಬುತ್ತಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತುಕೊಳ್ಳುತ್ತಾರೆ. ಅಡಕೆಯ ಮಾದರಿಯನ್ನು ಸಣ್ಣ ಗಂಟಿನಲ್ಲಿ ಕಟ್ಟಿಕೊಂಡ ರೈತರೊಬ್ಬರು ಪಕ್ಕದವರೊಡನೆ ಧಾರಣೆಯ ಮಾತು ತೆಗೆಯುತ್ತಾರೆ. ಕಂಡಕ್ಟರು ಸೀಟಿ ಊದುತ್ತಾರೆ, ಬಸ್ಸು ಹೊರಡುತ್ತದೆ.

ಆಮೇಲೆ ಆರಂಭವಾಗುವುದೇ ಚಿಲ್ಲರೆಯ ಪ್ರಕರಣ.

“ಚಿಲ್ರೆ ಇಲ್ವಾ ಮಾರಾಯ್ರೆ? ಬೆಳಿಗ್ಗೆ ಬೆಳಿಗ್ಗೆ ಎಲ್ರೂ ಐನೂರರ ನೋಟೇ ಕೊಟ್ರೆ ನಾನೆಲ್ಲಿಂದ ತರ್ಲಿ?”

“ಇರೋದು ಅದೊಂದೇ ಮಾರಾಯ. ಬಾಕಿ ಬರ್ದು ಕೊಡು, ಇಳಿವಾಗ ತಗೋತೀನಿ.”

ಕಂಡಕ್ಟರು ಜೇಬಿನ ಪೆನ್ನನ್ನು ತೆಗೆದು, ಕೊಡಬೇಕಾದ ಬಾಕಿಯನ್ನು ಟಿಕೀಟಿನ ಬೆನ್ನ ಮೇಲೆ ಗೀಚಿ, ಅದರ ಸುತ್ತ ಒಂದು ಸೊನ್ನೆ ಸುತ್ತುತ್ತಾರೆ. ಸಹಿಯಿಲ್ಲದ, ಮೊಹರಿಲ್ಲದ ಒಂದು ಹುಂಡಿ ಅದು. ಆದರೂ ಇಳಿಯುವ ಹೊತ್ತಿಗೆ ಸಲ್ಲುತ್ತದೆ. ಒಮ್ಮೊಮ್ಮೆ ಇಳಿದವರು ಮರೆಯುತ್ತಾರೆ; ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಕೈಯಲ್ಲಿ ಟಿಕೀಟಷ್ಟೇ ಉಳಿಯುತ್ತದೆ. ಇನ್ನು ಕೆಲವೊಮ್ಮೆ ಸಾಲ ತಿರುವುಮುರುವಾಗುತ್ತದೆ. “ದುಡ್ಡು ಮರ್ತು ಬಂದೆ ಅಣ್ಣ, ನಾಳೆ ಕೊಡ್ತೀನಿ” ಎಂಬ ಶಾಲೆಯ ಹುಡುಗನನ್ನು ಆ ಮಳೆಯಲ್ಲಿ ಇಳಿಸಿಬಿಡುವ ಕಂಡಕ್ಟರು ಮಲೆನಾಡಿನಲ್ಲಿ ಅಪರೂಪ.

ಈ ಸೊನ್ನೆಯ ಸ್ಥಾನವನ್ನು ಹಿಡಿಯಲು ಲೋಕದಲ್ಲಿ ಹೊಸದೊಂದು ವಸ್ತು ಬಂದಿದೆ. ಮುಂಗಡವಾಗಿ ಹಣ ತುಂಬಿ, ತೀರಿದ ಮೇಲೆ ಮತ್ತೆ ತುಂಬಿಸಿಕೊಳ್ಳುವ ಸ್ಮಾರ್ಟ್ ಕಾರ್ಡು. ಪಟ್ಟಣಗಳಲ್ಲಿ ಅದು ಬೇಗ ಟಿಕೀಟು ಕೊಡುವ ಉಪಾಯ. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಂಥ ಸೀಮೆಯಲ್ಲಿ ಅದನ್ನು ಕುರಿತು ಯೋಚಿಸಹೊರಟರೆ ಚಿಲ್ಲರೆಗಿಂತ ದೊಡ್ಡದಾದ ಬಾಕಿಯೊಂದು ಕಣ್ಣಿಗೆ ಬೀಳುತ್ತದೆ.

ಬ್ಯಾಟರಿಯಿಲ್ಲದ ಹಣದ ಚೀಲ

ಮೊದಲು ಕಾರ್ಡಿನ ಮರ್ಮವನ್ನು ತಿಳಿಯುವುದು ಒಳ್ಳೆಯದು. ನೋಡಲು ಅದು ಬರಿಯ ಪ್ಲಾಸ್ಟಿಕ್ಕಿನ ತುಂಡು. ಅದರ ಪದರಗಳ ನಡುವೆ ಒಂದು ಪುಟ್ಟ ಚಿಪ್ಪು, ಆ ಚಿಪ್ಪಿಗೆ ಜೋಡಿಸಿದ ತೆಳ್ಳನೆಯ ತಂತಿಯ ಸುರುಳಿ, ಇಷ್ಟೇ ಇರುವುದು. ಬ್ಯಾಟರಿಯೆಂಬುದಿಲ್ಲ. ಕಂಡಕ್ಟರ ಕೈಯ ಯಂತ್ರವು ಸೆಕೆಂಡಿಗೆ ಸುಮಾರು ೧ ಕೋಟಿ ೩೫ ಲಕ್ಷ ಸಲ ಏರಿಳಿಯುವ ಕಾಂತಕ್ಷೇತ್ರವನ್ನು ತನ್ನ ಸುತ್ತ ಹರಡಿರುತ್ತದೆ. ಕಾರ್ಡನ್ನು ನಾಲ್ಕು ಬೆರಳಿನಷ್ಟು ಸಮೀಪಕ್ಕೆ ತಂದೊಡನೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ೧೮೩೧ರಲ್ಲಿ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇದು. ಜೋಗದಲ್ಲಿ ವಿದ್ಯುತ್ತನ್ನು ಹುಟ್ಟಿಸುವುದೂ ಇದೇ. ಆ ಅಲ್ಪ ಶಕ್ತಿಯಿಂದ ಚಿಪ್ಪು ಎಚ್ಚೆತ್ತು, ಯಂತ್ರದೊಡನೆ ಗುಪ್ತ ಸಂಕೇತಗಳಲ್ಲಿ ಮಾತನಾಡಿ, ದರವನ್ನು ಕಳೆದು, ಉಳಿದುದನ್ನು ಬರೆದುಕೊಂಡು ಮತ್ತೆ ನಿದ್ರಿಸುತ್ತದೆ. ಇದೆಲ್ಲ ಒಂದು ಸೆಕೆಂಡಿಗಿಂತ ಕಡಮೆ ಹೊತ್ತಿನ ಕೆಲಸ.

ಹಣದ ಲೆಕ್ಕ ಎಲ್ಲಿರಬೇಕೆಂಬುದಕ್ಕೆ ಎರಡು ಮಾರ್ಗಗಳುಂಟು. ದೂರದ ಊರಿನ ಕಂಪ್ಯೂಟರಿನಲ್ಲಿ ಲೆಕ್ಕವಿಟ್ಟು ಪ್ರತಿಸಲವೂ ಅದನ್ನು ಕೇಳಿಕೊಳ್ಳುವುದು ಒಂದು. ಚಿಪ್ಪಿನಲ್ಲಿಯೇ ಹಣದ ಮೊತ್ತವನ್ನು ಬರೆದಿಡುವುದು ಇನ್ನೊಂದು. ಮೊದಲನೆಯದಕ್ಕೆ ದಾರಿಯುದ್ದಕ್ಕೂ ಮೊಬೈಲ್ ಸಿಗ್ನಲ್ ಬೇಕು. ಕಿಗ್ಗದ ದಾರಿಯಲ್ಲಾಗಲಿ, ಕೆರೆಕಟ್ಟೆಯ ಕಾಡಿನಲ್ಲಾಗಲಿ ಓಡಾಡಿದವರಿಗೆ ಅದರ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದಕ್ಕೆ ಸಿಗ್ನಲ್ಲಿನ ಹಂಗಿಲ್ಲ. ದಿನವೆಲ್ಲ ಯಂತ್ರವು ಲೆಕ್ಕವನ್ನು ತನ್ನಲ್ಲಿ ಕೂಡಿಟ್ಟುಕೊಂಡು, ರಾತ್ರಿ ಬಸ್ಸು ಊರು ಸೇರಿದ ಮೇಲೆ ಒಪ್ಪಿಸಿದರೆ ಆಯಿತು. ಘಟ್ಟದ ಸೀಮೆಗೆ ಒಗ್ಗುವುದು ಈ ಎರಡನೆಯ ಮಾರ್ಗವೇ.

ಕಾರ್ಡು ಹೊಸ ಪ್ರಯೋಗವೇನೂ ಅಲ್ಲ. ೧೯೯೭ರಲ್ಲಿ ಹಾಂಗ್‌ಕಾಂಗಿನಲ್ಲಿ ‘ಆಕ್ಟೋಪಸ್’ ಎಂಬ ಕಾರ್ಡು ಬಂದಿತು. ರೈಲು, ಬಸ್ಸು, ದೋಣಿಗಳಲ್ಲಿ ಸಂದು, ಕಡೆಗೆ ಅಂಗಡಿಗಳಿಗೂ ಹಬ್ಬಿತು. ಟೋಕಿಯೋದಲ್ಲಿ ೨೦೦೧ರಲ್ಲಿ ‘ಸುಯಿಕಾ’, ಲಂಡನ್ನಿನಲ್ಲಿ ೨೦೦೩ರಲ್ಲಿ ‘ಆಯ್‌ಸ್ಟರ್’ ಬಂದವು. ಕರ್ನಾಟಕದಲ್ಲಿ ೨೦೧೧ರ ಅಕ್ಟೋಬರ್ ೨೦ರಂದು ಓಡಲಾರಂಭಿಸಿದ ‘ನಮ್ಮ ಮೆಟ್ರೋ’ ಮೊದಲಿನಿಂದಲೂ ಕಾರ್ಡನ್ನು ಬಳಸಿತು. ಹುಬ್ಬಳ್ಳಿ-ಧಾರವಾಡಗಳ ನಡುವಣ ‘ಚಿಗರಿ’ ಬಸ್ಸುಗಳಿಗೂ ಕಾರ್ಡು ಬಂದಿತು. ಮಲೆನಾಡಿನವರು ಹೆಚ್ಚಾಗಿ ಗಮನಿಸಬೇಕಾದುದು ಘಟ್ಟದ ಕೆಳಗಿನ ಪ್ರಯೋಗವನ್ನು. ಮಂಗಳೂರು, ಉಡುಪಿಗಳ ಖಾಸಗಿ ಸಿಟಿ ಬಸ್ಸುಗಳಲ್ಲಿ ‘ಚಲೋ’ ಕಾರ್ಡು ಬಳಕೆಗೆ ಬಂದಿತು. ಬೇರೆ ಬೇರೆ ಮಾಲೀಕರ ಬಸ್ಸುಗಳಲ್ಲಿ ಒಂದೇ ಕಾರ್ಡು ನಡೆಯಬಲ್ಲುದೆಂಬುದಕ್ಕೆ ಅಷ್ಟು ಸಮೀಪದ ನಿದರ್ಶನ ಮತ್ತೊಂದಿಲ್ಲ.

ಇಡೀ ದೇಶಕ್ಕೆ ಒಂದೇ ಕಾರ್ಡಿರಲೆಂಬ ಸಂಕಲ್ಪವೂ ಆಗಿದೆ. ೨೦೧೯ರ ಮಾರ್ಚಿನಲ್ಲಿ ಅಹಮದಾಬಾದಿನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡನ್ನು ಉದ್ಘಾಟಿಸಿದರು. ಸಿಗ್ನಲ್ ಇಲ್ಲದ ಕಡೆಯೂ ನಡೆಯುವಂತೆ ಅದರ ಚಿಪ್ಪಿನಲ್ಲಿಯೇ ಹಣವನ್ನಿಡುವ ಏರ್ಪಾಡಿದೆ. ೨೦೨೪ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕು ಮತ್ತೊಂದು ಬಾಗಿಲನ್ನು ತೆರೆಯಿತು. ಪ್ರಯಾಣಕ್ಕೆಂದೇ ಮೀಸಲಾದ, ೩,೦೦೦ ರೂಪಾಯಿ ಮೀರದ ಕಾರ್ಡನ್ನು ಗುರುತಿನ ಕಾಗದಪತ್ರಗಳ ತಪಾಸಣೆಯಿಲ್ಲದೆಯೇ ಕೊಡಬಹುದೆಂದು ಅನುಮತಿಯಿತ್ತಿತು. ಬ್ಯಾಂಕಿನ ಮೆಟ್ಟಿಲು ಹತ್ತದ ಕೂಲಿಯಾಳಿಗೂ ಕಾರ್ಡು ಸಿಗುವುದಕ್ಕೆ ಇದರಿಂದ ದಾರಿಯಾಯಿತು.

ಬಸ್ಸೇ ಗತಿಯಾದ ಸೀಮೆ

ಇಷ್ಟೆಲ್ಲ ಆಗಿರುವಾಗ ಕೊಪ್ಪದ ಬಸ್ಸಿಗೂ ಒಂದು ಯಂತ್ರವನ್ನು ಕೊಟ್ಟರೆ ಮುಗಿಯಲಿಲ್ಲವೆ ಎಂದು ಕೇಳಬಹುದು. ಮುಗಿಯುವುದಿಲ್ಲ. ಕಾರಣವನ್ನರಿಯಲು ಆ ಸೀಮೆಯ ಬಸ್ಸಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಚಿಕ್ಕಮಗಳೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳು ತುಂಗಭದ್ರೆಯರ ಮಡಿಲಿನವು. ತುಂಗೆಯು ಶೃಂಗೇರಿಯ ಶಾರದೆಯ ಸನ್ನಿಧಿಯನ್ನು ಹಾದು ಹರಿಹರಪುರದ ಮಾರ್ಗವಾಗಿ ತೀರ್ಥಹಳ್ಳಿಯತ್ತ ಹರಿಯುತ್ತಾಳೆ. ಭದ್ರೆಯು ಬಾಳೆಹೊನ್ನೂರನ್ನು ದಾಟಿ ನರಸಿಂಹರಾಜಪುರದ ಅಂಚಿನಲ್ಲಿ ಹಿನ್ನೀರಾಗಿ ನಿಂತಿದ್ದಾಳೆ. ನಡುವೆ ಗುಡ್ಡ, ಕಾಡು, ಅಡಕೆ ಕಾಫಿಗಳ ತೋಟ, ಒಂಟಿ ಮನೆಗಳು. ಒಂದು ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಿರುಹಳಿಯ ರೈಲು ಓಡುತ್ತಿತ್ತು. ಅದು ನಿಂತು ಎಷ್ಟೋ ದಶಕಗಳಾದವು. ಈಗ ಮೂರು ತಾಲ್ಲೂಕುಗಳಲ್ಲಿ ಎಲ್ಲಿಯೂ ರೈಲಿಲ್ಲ. ಸ್ವಂತ ವಾಹನವಿಲ್ಲದವರಿಗೆ ಬಸ್ಸೇ ಗತಿ.

ಆ ಬಸ್ಸಾದರೂ ಬಹುಮಟ್ಟಿಗೆ ಸರ್ಕಾರದ್ದಲ್ಲ. ೧೯೪೮ರ ಸೆಪ್ಟೆಂಬರ್ ೧೨ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಹುಟ್ಟಿತು. ೧೯೬೧ರ ಆಗಸ್ಟ್ ೧ರಂದು ಅದು ನಿಗಮವಾಯಿತು. ಬಯಲುಸೀಮೆಯ ಎಷ್ಟೋ ಮಾರ್ಗಗಳು ರಾಷ್ಟ್ರೀಕರಣಗೊಂಡರೂ ಮಲೆನಾಡು, ಕರಾವಳಿಗಳಲ್ಲಿ ಖಾಸಗಿ ಬಸ್ಸುಗಳ ಕಾಲ ಮುಂದುವರಿಯಿತು. ಇಂದಿಗೂ ಈ ತಾಲ್ಲೂಕುಗಳ ಒಳದಾರಿಗಳಲ್ಲಿ ಓಡುವವು ಹೆಚ್ಚಾಗಿ ಖಾಸಗಿಯವೇ. ಒಂದೋ ಎರಡೋ ಬಸ್ಸುಗಳನ್ನಿಟ್ಟುಕೊಂಡ ಮಾಲೀಕರೂ ಇವರಲ್ಲುಂಟು.

ಕಾರ್ಮಿಕರೇ ಮಾಲೀಕರಾದ ಕಥೆ

ಈ ಚರಿತ್ರೆಯಲ್ಲಿ ಕೊಪ್ಪಕ್ಕೆ ಮಾತ್ರ ಸೇರಿದ ಒಂದು ಅಧ್ಯಾಯವಿದೆ. ಅಲ್ಲಿ ಶಂಕರ್ ಟ್ರಾನ್ಸ್‌ಪೋರ್ಟ್ ಎಂಬ ಖಾಸಗಿ ಕಂಪೆನಿಯ ಬಸ್ಸುಗಳು ಓಡುತ್ತಿದ್ದವು. ಕಾರ್ಮಿಕ ವಿವಾದದಲ್ಲಿ ಆ ಕಂಪೆನಿ ನಿಂತುಹೋದಾಗ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೆಲ್ಲ ಬೀದಿಗೆ ಬೀಳಬೇಕಾಗಿತ್ತು. ಅವರು ಬೀಳಲಿಲ್ಲ. ೧೯೯೧ರಲ್ಲಿ ತಾವೇ ಒಂದು ಸಹಕಾರ ಸಂಘವನ್ನು ಕಟ್ಟಿಕೊಂಡು ಆರು ಬಸ್ಸುಗಳನ್ನು ರಸ್ತೆಗಿಳಿಸಿದರು. ಅದೇ ‘ಸಹಕಾರ ಸಾರಿಗೆ’. ಸ್ಟಿಯರಿಂಗ್ ಹಿಡಿದವನೂ ಒಡೆಯ, ಸೀಟಿ ಊದಿದವನೂ ಒಡೆಯ. ಆರು ಬಸ್ಸುಗಳು ಕಾಲಕ್ರಮದಲ್ಲಿ ಎಪ್ಪತ್ತರ ಆಸುಪಾಸಿಗೆ ಏರಿದವು. ನೂರಾರು ಕುಟುಂಬಗಳಿಗೆ ಅನ್ನ ಹುಟ್ಟಿತು. ಚಿಕ್ಕಮಗಳೂರು ಜಿಲ್ಲೆಯಲ್ಲದೆ ಶಿವಮೊಗ್ಗ, ಉಡುಪಿ, ದಕ್ಷಿಣ ಕನ್ನಡಗಳಿಗೂ ಅವು ಓಡಿದವು. ಹೊರಗಿನವರು ಬಂದು ನೋಡಿ ಹೋಗುವಷ್ಟು ಹೆಸರಾಯಿತು.

ಹಳ್ಳಿಯವರಿಗೆ ಆ ಹೆಸರಿಗಿಂತ ಮುಖ್ಯವಾದುದು ಬೇರೆ. ಲಾಭ ಕಡಮೆಯಿದ್ದ ದಾರಿಗೂ ಸಂಘದ ಬಸ್ಸು ಬರುತ್ತಿತ್ತು. ವಿದ್ಯಾರ್ಥಿಗಳಿಗೆ ರಿಯಾಯಿತಿಯ ಪಾಸು ಕೊಡುತ್ತಿತ್ತು. ಆ ಪಾಸಿನ ಬಲದಿಂದ ಹೈಸ್ಕೂಲು, ಕಾಲೇಜು ಮುಗಿಸಿದವರು ಈ ತಾಲ್ಲೂಕುಗಳ ಊರೂರಿನಲ್ಲಿಯೂ ಇದ್ದಾರೆ.

ಆದರೆ ರಿಯಾಯಿತಿಯೆಂಬುದು ಗಾಳಿಯಲ್ಲಿ ಹುಟ್ಟುವ ವಸ್ತುವಲ್ಲ. ಹುಡುಗ ಕೊಡದೆ ಉಳಿಸಿದ ಹಣವನ್ನು ಮತ್ತೊಬ್ಬರು ಕೊಡಲೇಬೇಕು. ಸರ್ಕಾರಿ ನಿಗಮದ ಪಾಸಾದರೆ ಅದರ ಭಾರವನ್ನು ಸರ್ಕಾರ ತಕ್ಕಮಟ್ಟಿಗೆ ಹೊರುತ್ತದೆ. ಸಂಘದ ಪಾಸಿನ ಭಾರ ಬೀಳುತ್ತಿದ್ದುದು ಸಂಘದ ಹೆಗಲ ಮೇಲೆ, ಅಂದರೆ ಡ್ರೈವರು ಕಂಡಕ್ಟರುಗಳ ಹೆಗಲ ಮೇಲೆ. ಅದರ ಜೊತೆಗೆ ಡೀಸೆಲ್ಲಿನ ಬೆಲೆ ಏರಿತು. ವಿಮೆ, ತೆರಿಗೆ, ಬಿಡಿಭಾಗಗಳ ಖರ್ಚು ಬೆಳೆಯಿತು. ಮನೆಮನೆಗೆ ಬೈಕು, ಕಾರುಗಳು ಬಂದು ಸೀಟುಗಳು ಖಾಲಿಯಾದವು. ನಷ್ಟ ತಾಳಲಾರದೆ ೨೦೨೦ರ ಫೆಬ್ರುವರಿಯಲ್ಲಿ ಸಹಕಾರ ಸಾರಿಗೆಯ ಚಕ್ರಗಳು ನಿಂತವು. ಮರುತಿಂಗಳೇ ಕೋವಿಡ್ಡಿನ ದಿಗ್ಬಂಧನ ಬಂದು ಉಳಿದ ಬಸ್ಸುಗಳೂ ನಿಂತದ್ದರಿಂದ ಆ ಅಗಲಿಕೆಯ ನೋವು ಹೊರಲೋಕಕ್ಕೆ ಕೇಳಿಸಲೇ ಇಲ್ಲ.

ಬಾಗಿಲಲ್ಲಿಯೇ ನಿಂತ ಸವಲತ್ತು

ಮೂರು ವರ್ಷಗಳ ಬಳಿಕ, ೨೦೨೩ರ ಜೂನ್ ೧೧ರಂದು, ರಾಜ್ಯ ಸರ್ಕಾರ ‘ಶಕ್ತಿ’ ಯೋಜನೆಯನ್ನು ಆರಂಭಿಸಿತು. ಕರ್ನಾಟಕದ ಮಹಿಳೆಯರು ಸರ್ಕಾರಿ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ದುಡ್ಡು ಕೊಡದೆ ಪ್ರಯಾಣ ಮಾಡಬಹುದೆಂದಾಯಿತು. ಕಂಡಕ್ಟರು ಅವರಿಗೆ ಶೂನ್ಯ ದರದ ಟಿಕೀಟನ್ನು ಕೊಡುತ್ತಾರೆ. ಆ ಟಿಕೀಟುಗಳ ಲೆಕ್ಕದ ಮೇಲೆ ನಿಗಮಕ್ಕೆ ಸರ್ಕಾರದ ಹಣ ಸಲ್ಲುತ್ತದೆ. ಮಹಿಳೆಯರಿಗೆ ಸ್ಮಾರ್ಟ್ ಕಾರ್ಡು ಕೊಡುವ ಮಾತು ಯೋಜನೆಯ ಆರಂಭದಲ್ಲಿಯೇ ಬಂದಿತ್ತು. ಮೊದಲಿಗೆ ಗುರುತಿನ ಚೀಟಿಯನ್ನು ತೋರಿಸಿದರೆ ಸಾಕೆಂದಾಯಿತು.

ಮೈಸೂರಿನ, ಹಾಸನದ ಹೆಣ್ಣುಮಗಳು ಆ ದಿನದಿಂದ ಪುಕ್ಕಟೆಯಾಗಿ ಓಡಾಡಿದಳು. ಕೊಪ್ಪದ ಒಳದಾರಿಯ ಹೆಣ್ಣುಮಗಳು? ಅವಳ ಊರಿಗೆ ಬರುವುದು ಖಾಸಗಿ ಬಸ್ಸು. ಅದರಲ್ಲಿ ಶೂನ್ಯ ಟಿಕೀಟಿಲ್ಲ. ತೋಟದ ದಿನಗೂಲಿಯಲ್ಲಿ ಹೋಗಿಬರುವ ಬಸ್ಸಿನ ದುಡ್ಡನ್ನು ಕಳೆದು ಉಳಿದುದನ್ನು ಅವಳು ಮನೆಗೆ ಒಯ್ಯಬೇಕು. ತೆರಿಗೆಯಲ್ಲಿ ಅವಳದೂ ಪಾಲಿದೆ. ಅವಳು ಕೊಳ್ಳುವ ಸೋಪಿನ ಬೆಲೆಯಲ್ಲಿಯೂ ತೆರಿಗೆ ಸೇರಿದೆ. ಸವಲತ್ತು ಮಾತ್ರ ಸರ್ಕಾರಿ ಬಸ್ಸಿನ ಬಾಗಿಲಲ್ಲಿಯೇ ನಿಂತಿತು. ಅತ್ತ ಖಾಸಗಿ ಮಾಲೀಕರಿಗೂ ಚಿಂತೆ ತಪ್ಪಲಿಲ್ಲ. ಸರ್ಕಾರಿ ಬಸ್ಸು ಕೂಡ ಓಡುವ ಮಾರ್ಗಗಳಲ್ಲಿ ಮಹಿಳೆಯರು ಅದಕ್ಕಾಗಿ ಕಾಯುವುದು ಸಹಜ. ಹಾಗೆ ಹೆದ್ದಾರಿಯ ಆದಾಯ ಕಡಮೆಯಾದರೆ ಅದರ ಪೆಟ್ಟು ಬೀಳುವುದು ಲಾಭವಿಲ್ಲದ ಹಳ್ಳಿಯ ಟ್ರಿಪ್ಪಿನ ಮೇಲೆ.

ಇಲ್ಲಿಯೇ ಕಾರ್ಡಿನ ನಿಜವಾದ ಪ್ರಶ್ನೆ ಏಳುತ್ತದೆ. ರಿಯಾಯಿತಿಯು ಬಸ್ಸಿಗೆ ಅಂಟಿಕೊಂಡಿರಬೇಕೆ, ಅಥವಾ ಪ್ರಯಾಣಿಕಳಿಗೆ ಅಂಟಿಕೊಂಡಿರಬೇಕೆ? ಕಾಗದದ ಟಿಕೀಟಿನ ಕಾಲದಲ್ಲಿ ಬೇರೆ ದಾರಿಯಿರಲಿಲ್ಲ. ಹತ್ತಾರು ಮಾಲೀಕರ ಟಿಕೀಟು ಪುಸ್ತಕಗಳನ್ನು ನಂಬಿ ಸರ್ಕಾರ ಹಣ ಕೊಡುವುದು ಸಾಧ್ಯವಿರಲಿಲ್ಲ. ಕಾರ್ಡಿಗೆ ಆ ತೊಡಕಿಲ್ಲ. ಒಂದು ಊರಿನಿಂದ ಇನ್ನೊಂದಕ್ಕೆ ೩೦ ರೂಪಾಯಿ ದರವೆಂದೇ ಇಟ್ಟುಕೊಳ್ಳೋಣ. ವಿದ್ಯಾರ್ಥಿನಿಯ ಕಾರ್ಡನ್ನು ತೋರಿಸಿದಾಗ ಯಂತ್ರವು ಅವಳ ಚಿಪ್ಪಿನಿಂದ ೧೦ ರೂಪಾಯಿಯನ್ನು ಕಳೆದು, ಉಳಿದ ೨೦ ರೂಪಾಯಿಯನ್ನು ಸರ್ಕಾರದ ಲೆಕ್ಕಕ್ಕೆ ಬರೆಯಬಲ್ಲುದು. ಬಸ್ಸು ಯಾರದಾದರೂ ಮಾಲೀಕನಿಗೆ ಪೂರ್ತಿ ೩೦ ರೂಪಾಯಿ ಸಿಗುತ್ತದೆ. ಯಾವ ದಿನ, ಯಾವ ಬಸ್ಸು, ಎಲ್ಲಿಂದ ಎಲ್ಲಿಗೆ ಎಂಬುದಕ್ಕೆ ದಾಖಲೆಯಿರುತ್ತದೆ. ಇಂಥ ಏರ್ಪಾಡು ೨೦೨೦ಕ್ಕೆ ಮೊದಲೇ ಇದ್ದಿದ್ದರೆ ಸಹಕಾರ ಸಾರಿಗೆ ಉಳಿಯುತ್ತಿತ್ತೆಂದು ಹೇಳಲಾಗದು. ಅದರ ಕಷ್ಟಗಳು ಹಲವಾಗಿದ್ದವು. ಆದರೆ ಊರಿನ ಮಕ್ಕಳ ವಿದ್ಯೆಯ ಖರ್ಚನ್ನು ಡ್ರೈವರು ಕಂಡಕ್ಟರುಗಳ ಸಂಬಳದಿಂದ ಮುರಿದುಕೊಳ್ಳುವ ಅನ್ಯಾಯವಾದರೂ ತಪ್ಪುತ್ತಿತ್ತು.

ಘಟ್ಟ ಹತ್ತುವ ಮುನ್ನ

ಹಾಗೆಂದು ಕಾರ್ಡನ್ನು ಕಣ್ಣು ಮುಚ್ಚಿಕೊಂಡು ಸ್ವಾಗತಿಸುವುದೂ ಜಾಣತನವಲ್ಲ. ಪಟ್ಟಣದಲ್ಲಿ ನಡೆದದ್ದು ಘಟ್ಟದಲ್ಲಿಯೂ ಹಾಗೆಯೇ ನಡೆಯುವುದಿಲ್ಲ.

ಮೊದಲನೆಯದು ದರದ ತೊಡಕು. ಹಳ್ಳಿಯ ಬಸ್ಸಿನಲ್ಲಿ ಸ್ಟೇಜಿನ ಲೆಕ್ಕದ ಮೇಲೆ ದರ. ಎಲ್ಲಿ ಇಳಿಯುವರೆಂಬುದನ್ನು ಕಾರ್ಡು ತಾನಾಗಿ ಅರಿಯದು. ಹತ್ತುವಾಗಲೂ ಇಳಿಯುವಾಗಲೂ ತೋರಿಸಬೇಕು. ಇಲ್ಲವೇ ಕಂಡಕ್ಟರು ಕೇಳಿ ಯಂತ್ರಕ್ಕೆ ಹೇಳಬೇಕು. ಕೈಮರ, ಅರಳಿಕಟ್ಟೆ, ತೋಟದ ಗೇಟು, ಎಲ್ಲೆಂದರಲ್ಲಿ ಬಸ್ಸು ನಿಲ್ಲುವ ಸೀಮೆಯಲ್ಲಿ ಕಂಡಕ್ಟರಿಲ್ಲದೆ ಈ ಕೆಲಸ ಸಾಗದು. ಕಾರ್ಡು ಬಂದಿತೆಂದು ಕಂಡಕ್ಟರನ್ನು ತೆಗೆದುಹಾಕಹೊರಟರೆ ಕಾರ್ಡೂ ಉಳಿಯದು, ಬಸ್ಸೂ ಉಳಿಯದು. ಆಸ್ಪತ್ರೆಯ ಔಷಧದ ಪೊಟ್ಟಣವನ್ನು ತಲುಪಿಸುವವರು, ಅಜ್ಜಿಯ ಕೈಹಿಡಿದು ಇಳಿಸುವವರು ಅವರೇ ಅಲ್ಲವೆ?

ಎರಡನೆಯದು ಮಾಲೀಕನ ಕಷ್ಟ. ಅವನಿಗೆ ಸಂಜೆಯ ಕಲೆಕ್ಷನ್ನಿನಿಂದಲೇ ಮರುದಿನದ ಡೀಸೆಲ್ಲು ತುಂಬಬೇಕು, ಅದರಿಂದಲೇ ಬಾಟಾ ಕೊಡಬೇಕು. ಕಾರ್ಡಿನ ಹಣ ನಾಲ್ಕು ದಿನ ತಡವಾದರೂ ಸಣ್ಣ ಮಾಲೀಕನ ಬಸ್ಸು ನಿಲ್ಲುತ್ತದೆ. ಸರ್ಕಾರದ ಪಾಲು ತಿಂಗಳುಗಟ್ಟಲೆ ಬಾಕಿ ಬಿದ್ದರಂತೂ ರಿಯಾಯಿತಿಯ ಕಾರ್ಡು ಹಿಡಿದವರನ್ನು ಕಂಡು ಬಸ್ಸು ನಿಲ್ಲಿಸದೆ ಹೋಗುವ ಕಾಲ ಬಂದೀತು.

ಮೂರನೆಯದು ಪ್ರಯಾಣಿಕರ ಹಣದ ಭದ್ರತೆ. ಕಾರ್ಡಿನಲ್ಲಿರುವುದು ಮುಂಗಡ ಕೊಟ್ಟ ಹಣ. ಅಂದರೆ ಬಡವರು ಸಂಸ್ಥೆಗೆ ಕೊಟ್ಟ ಸಾಲ. ಸಂಸ್ಥೆಗಳು ಮುಚ್ಚಿಹೋಗುವುದನ್ನು ಕೊಪ್ಪದ ಜನ ಒಮ್ಮೆಯಲ್ಲ, ಎರಡು ಸಲ ಕಂಡಿದ್ದಾರೆ. ಬ್ಯಾಂಕಲ್ಲದ ಸಂಸ್ಥೆಗಳು ಇಂಥ ಹಣವನ್ನು ಬೇರೆ ಖಾತೆಯಲ್ಲಿ ಮೀಸಲಿಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ನಿಯಮದ ಜೊತೆಗೆ ಹಣ ತುಂಬುವ ತಾಣವೂ ಸಮೀಪದಲ್ಲಿರಬೇಕು. ಊರಿನ ಕೃಷಿ ಪತ್ತಿನ ಸಹಕಾರ ಸಂಘ, ಅಂಚೆ ಕಚೇರಿ, ಕಡೆಗೆ ಬಸ್ಸಿನಲ್ಲಿಯೇ ಕಂಡಕ್ಟರ ಕೈಗೆ ನೂರು ರೂಪಾಯಿ ಕೊಟ್ಟು ತುಂಬಿಸಿಕೊಳ್ಳುವಂತಿರಬೇಕು. ಹಣ ತುಂಬಿಸಲು ತಾಲ್ಲೂಕಿನ ಪೇಟೆಗೇ ಬಸ್ಸಿನಲ್ಲಿ ಹೋಗಬೇಕೆಂದರೆ ಅದು ನಗೆಪಾಟಲು.

ನಾಲ್ಕನೆಯದನ್ನು ಜನ ಸಾಮಾನ್ಯವಾಗಿ ಯೋಚಿಸುವುದಿಲ್ಲ. ಯಾವ ಹುಡುಗಿ ಎಲ್ಲಿ ಹತ್ತಿದಳು, ಎಲ್ಲಿ ಇಳಿದಳೆಂಬುದು ಕಂಡಕ್ಟರಿಗೂ ತಿಳಿಯುತ್ತದೆ. ಆದರೆ ಅವರು ಬರೆದಿಡುವುದಿಲ್ಲ, ಮರೆತೂಬಿಡುತ್ತಾರೆ. ಯಂತ್ರ ಮರೆಯುವುದಿಲ್ಲ. ಆ ದಾಖಲೆಯನ್ನು ಯಾರು ನೋಡಬಹುದು, ಎಷ್ಟು ದಿನ ಇಟ್ಟುಕೊಳ್ಳಬಹುದು ಎಂಬುದು ಮೊದಲೇ ತೀರ್ಮಾನವಾಗಬೇಕು. ಎಲ್ಲಕ್ಕೂ ಮಿಗಿಲಾಗಿ, ನಾಣ್ಯ ನೋಟುಗಳನ್ನು ಬಸ್ಸಿನಿಂದ ಹೊರಗಟ್ಟಬಾರದು. ವಾರದ ಬಟವಾಡೆಯ ದಿನದವರೆಗೆ ಹೇಗೋ ನೂಕುವ ಕೂಲಿಯವನ ಕೈಯಲ್ಲಿ ಮುಂಗಡಕ್ಕೆ ಹಣವಿರುವುದಿಲ್ಲ. ಕಾರ್ಡಿಗೆ “ನಾಳೆ ಕೊಡ್ತೀನಣ್ಣ” ಎಂಬ ಮಾತು ಕೇಳಿಸುವುದಿಲ್ಲ. ಕಂಡಕ್ಟರಿಗೆ ಕೇಳಿಸುತ್ತದೆ.

ಇವೆಲ್ಲ ಅಸಾಧ್ಯದ ಷರತ್ತುಗಳಲ್ಲ. ಆರು ಬಸ್ಸುಗಳಿಂದ ಎಪ್ಪತ್ತರವರೆಗೆ ಒಂದು ಸಂಸ್ಥೆಯನ್ನು ಕಾರ್ಮಿಕರೇ ಕಟ್ಟಿ ಇಪ್ಪತ್ತೆಂಟು ವರ್ಷಗಳಿಗೂ ಮೀರಿ ನಡೆಸಿದ ಊರು ಅದು. ಮಾಲೀಕರು, ಕಾರ್ಮಿಕರು, ಸರ್ಕಾರ ಮೂವರೂ ಒಂದೇ ಮೇಜಿನ ಸುತ್ತ ಕುಳಿತರೆ ಕಾರ್ಡಿನ ಲೆಕ್ಕ ಆ ಊರಿಗೆ ಭಾರವಾಗದು.

ಸಂಜೆಯಾಗಿದೆ. ಮಳೆ ಇನ್ನೂ ಬಿಟ್ಟಿಲ್ಲ. ಬೆಳಗಿನ ಬಸ್ಸು ಹೆಡ್‌ಲೈಟು ಹೊತ್ತಿಸಿಕೊಂಡು ಹಿಂದಿರುಗುತ್ತಿದೆ. ಅಡಕೆಯ ಮಾದರಿಯನ್ನು ಒಯ್ದಿದ್ದ ರೈತರು ತಮ್ಮ ತೋಟದ ದಾರಿ ಬಂದೊಡನೆ ಎದ್ದು, ಜೇಬಿನಿಂದ ಮುದುಡಿದ ಬೆಳಗಿನ ಟಿಕೀಟನ್ನು ತೆಗೆಯುತ್ತಾರೆ. ಇಳಿಯುವ ಗಡಿಬಿಡಿಯಲ್ಲಿ ಆಗ ಮರೆತಿದ್ದರು.

“ತಗೊಳ್ಳಿ ಮಾರಾಯ್ರೆ, ಎಣಿಸ್ಕೊಳ್ಳಿ. ಸರಿಯಾಯ್ತಾ?”

“ಸರಿಯಾಯ್ತು.”

ಅವರ ಬಾಕಿ ಸಂದಿತು. ಹಿಂದಿನ ಸೀಟಿನಲ್ಲಿ ಬುತ್ತಿಯ ಚೀಲವನ್ನು ಅವುಚಿಕೊಂಡ ಹೆಂಗಸು ಸೆರಗಿನ ಗಂಟನ್ನು ಬಿಚ್ಚಿ ದಿನದ ಎರಡನೆಯ ಟಿಕೀಟಿಗೆ ಪೂರ್ತಿ ದುಡ್ಡು ಎಣಿಸುತ್ತಿದ್ದಾಳೆ. ಎದುರಿನಿಂದ ಸರ್ಕಾರದ ಬಸ್ಸೊಂದು ನೀರು ಚಿಮ್ಮಿಸಿಕೊಂಡು ಹಾದುಹೋಗುತ್ತದೆ. ಅದು ಅವಳ ಊರಿಗೆ ಹೋಗುವುದಲ್ಲ. ಅವಳಿಗೆ ಸಲ್ಲಬೇಕಾದ ಬಾಕಿಯನ್ನು ಯಾರೂ ಯಾವ ಟಿಕೀಟಿನ ಬೆನ್ನ ಮೇಲೂ ಬರೆದುಕೊಟ್ಟಿಲ್ಲ.